ಬ್ಯಾಟರಿ ಪೂರ್ತಿ ಖಾಲಿಯಾಗಲಿ ಎಂದು ಕಾಯಬೇಡಿ

ವಿದ್ಯುತ್ ಸ್ಕೂಟರ್ ಕೊಂಡವರಿಗೆ ಮೊದಲು ಸಿಗುವ ಬುದ್ಧಿಮಾತು ಇದು: "ಚಾರ್ಜ್ ಪೂರ್ತಿ ಇಳಿದ ಮೇಲೆ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತೆ." ಹೇಳುವವರ ಕಾಳಜಿ ನಿಜ, ಆದರೆ ಮಾತು ತಪ್ಪು. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಎಚ್ಚರಿಕೆ. ಅವನ್ನು ಪದೇ ಪದೇ ಅರ್ಧಕ್ಕೇ ಚಾರ್ಜ್ ಮಾಡಿದರೆ ಕಸುವು ಕುಗ್ಗುತ್ತಿತ್ತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಈ ಕಾಯಿಲೆಯಿಲ್ಲ. ಇಂದಿನ ಬಹುಪಾಲು ವಿದ್ಯುತ್ ವಾಹನಗಳಲ್ಲಿರುವುದು ಇದೇ ಬಗೆ.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ, ಗಾಡಿ ಓಡುವಾಗ ಆಚೆಯ ಧ್ರುವಕ್ಕೆ ಮರಳುತ್ತವೆ. ಪ್ರತಿ ಸಲವೂ ಸೊನ್ನೆಯಿಂದ ನೂರಕ್ಕೆ ಏರಿಸಿ ಇಳಿಸಿದರೆ ಒಳಗಿನ ಪದಾರ್ಥ ಹಿಗ್ಗಿ ಕುಗ್ಗಿ ಬೇಗ ಸವೆಯುತ್ತದೆ. ಆದ್ದರಿಂದ ದಿನಬಳಕೆಯಲ್ಲಿ ಶೇ 20ರಿಂದ 80ರ ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು. ಲಿಥಿಯಂ ಕಬ್ಬಿಣ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯದು ಸ್ವಲ್ಪ ಬೇರೆ ಲೆಕ್ಕ. ಅದರ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂದು ಗಾಡಿಗೇ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಆಗಾಗ ಶೇ 100ರವರೆಗೆ ತುಂಬಬೇಕು.

ಇನ್ನು ಲೆಡ್-ಆಸಿಡ್. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರು ಓಡಿದ್ದು ಇದರಲ್ಲೇ. ಅಗ್ಗದ ಸ್ಕೂಟರ್, ಇ-ರಿಕ್ಷಾಗಳಲ್ಲಿ ಈಗಲೂ ಇದೆ. ಇದನ್ನು ಖಾಲಿ ಬಿಡುವುದಂತೂ ಇನ್ನೂ ಕೇಡು. ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಕರಗುವುದೇ ಇಲ್ಲ.

ನಿಜಕ್ಕೂ ಅಂಜಬೇಕಾದದ್ದು ಬಿಸಿಗೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಲ್ಲಿ ಓಡಿಸಿ ತಂದ ಗಾಡಿಗೆ ತಕ್ಷಣ ಪ್ಲಗ್ ಹಾಕಬೇಡಿ. ನೆರಳಿನಲ್ಲಿ ನಿಲ್ಲಿಸಿ, ಆರಲು ಬಿಡಿ. ಉಬ್ಬಿದ ಬ್ಯಾಟರಿಗಂತೂ ಚಾರ್ಜರ್ ಮುಟ್ಟಿಸಲೇಬೇಡಿ.

ವಿದ್ಯುತ್ ಗಾಡಿಗಳ ಬಗ್ಗೆ ಇನ್ನೊಂದು ಮಾತೂ ಇದೆ. "ಕಲ್ಲಿದ್ದಲಿನ ಕರೆಂಟಲ್ಲವೇ, ಹೊಗೆ ಇಲ್ಲಿ ಬಾರದಿದ್ದರೆ ಅಲ್ಲಿ ಬರುತ್ತೆ" ಎನ್ನುವುದು ಅರ್ಧ ನಿಜ. ದೇಶದ ಹೆಚ್ಚಿನ ವಿದ್ಯುತ್ ಈಗಲೂ ಕಲ್ಲಿದ್ದಲಿನದೇ. ಆದರೆ ಪೆಟ್ರೋಲ್ ಎಂಜಿನ್ ಇಂಧನದ ಮುಕ್ಕಾಲು ಭಾಗದಷ್ಟನ್ನು ಬಿಸಿಯಾಗಿ ಚೆಲ್ಲುತ್ತದೆ, ವಿದ್ಯುತ್ ಮೋಟಾರು ಹಾಗೆ ಚೆಲ್ಲುವುದಿಲ್ಲ. ನಮ್ಮ ರಾಜ್ಯದ ಜಾಲಕ್ಕೆ ಶರಾವತಿಯ ಜಲವಿದ್ಯುತ್ತೂ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕೂ ಸೇರುತ್ತವೆ. ಅನುಕೂಲವಿದ್ದರೆ ಸಂಜೆ ಎಲ್ಲರ ಮನೆಯಲ್ಲೂ ದೀಪ ಹೊತ್ತುವ ವೇಳೆ ಬಿಟ್ಟು ಹಗಲಲ್ಲೇ ಚಾರ್ಜ್ ಮಾಡಿ. ಆಗ ಸೂರ್ಯನ ಪಾಲು ಹೆಚ್ಚಿರುತ್ತದೆ.

ಗಾಡಿ ಕೊಳ್ಳುವಾಗ ಮೈಲೇಜ್ ಕೇಳುವ ಮೊದಲು, ಒಳಗಿರುವುದು ಯಾವ ಬಗೆಯ ಬ್ಯಾಟರಿ ಎಂದು ಕೇಳಿ. ಚಾರ್ಜಿಂಗ್ ಕುರಿತು ಕೈಪಿಡಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ.