ನಳಿಗೆಯ ನೀರಿನಿಂದ ನೆತ್ತರಿನ ಚಿತ್ರಕ್ಕೆ

ಮಿದುಳಿನ ರಕ್ತನಾಳ ಎಲ್ಲಿ ಉಬ್ಬಿದೆ, ಎಲ್ಲಿ ಕಿರಿದಾಗಿದೆ? ಸೂಜಿ ಚುಚ್ಚದೆ, ಔಷಧ ಹಾಯಿಸದೆ ಇದನ್ನು ಎಂ.ಆರ್.ಐ. ಯಂತ್ರ ತೋರಿಸಬಲ್ಲದು. ಮೂತ್ರಪಿಂಡ ಸೋತ ರೋಗಿಗೆ ಇದು ಸಣ್ಣ ಅನುಕೂಲವಲ್ಲ. ಈ ಉಪಾಯದ ಬೇರು ಬೆಂಗಳೂರಿನಲ್ಲಿದೆಯೆಂದು ಎಷ್ಟು ಮಂದಿಗೆ ಗೊತ್ತು?

ನಮ್ಮ ದೇಹದ ನೀರಿನಲ್ಲಿ ಜಲಜನಕದ ಪರಮಾಣುಗಳಿವೆ. ಅವುಗಳ ನ್ಯೂಕ್ಲಿಯಸ್ ಒಂದೊಂದೂ ಪುಟ್ಟ ಅಯಸ್ಕಾಂತ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ತಕ್ಕ ಕಂಪನದ ರೇಡಿಯೋ ತರಂಗ ಹಾಯಿಸಿದರೆ ಅವು ಶಕ್ತಿ ಹೀರಿ ಸಂಕೇತ ಕೊಡುತ್ತವೆ. ಆದರೆ ಬಿಡುವಿಲ್ಲದೆ ತರಂಗ ಬಡಿಯುತ್ತಿದ್ದರೆ ದಣಿಯುತ್ತವೆ, ಸಂಕೇತ ಕುಗ್ಗುತ್ತದೆ. ಚೇತರಿಸಿಕೊಳ್ಳಲು ರಕ್ತಕ್ಕೆ ಒಂದು ಸೆಕೆಂಡಿಗೂ ಮಿಕ್ಕಿ ಬೇಕು.

ಅಥಣಿ ಕಡೆಯ ವಿದ್ಯಾರ್ಥಿಗಳಿಗೆ ಕಬ್ಬಿನ ಕಟಾವು ಹೊಸದಲ್ಲ. ಬೆಳಗಿನಿಂದ ಕಡಿದು ದಣಿದ ಗ್ಯಾಂಗನ್ನು ಕೂಗಿ ನೋಡಿ, ದನಿ ಸಣ್ಣಗೆ ಬರುತ್ತದೆ. ಆಗತಾನೇ ಬಂದ ಗ್ಯಾಂಗು ಗಟ್ಟಿಯಾಗಿ ಓಗೊಡುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಇದೇ. ಅಯಸ್ಕಾಂತದ ಧ್ರುವಗಳ ನಡುವೆ ಯು ಆಕಾರದ ನಳಿಗೆ, ಅದರಲ್ಲಿ ನೀರು. ಸೆಕೆಂಡಿಗೆ ಸುಮಾರು 2 ಕೋಟಿ ಕಂಪನದ ರೇಡಿಯೋ ತರಂಗ. ನೀರು ನಿಂತಿದ್ದಾಗಿನದಕ್ಕಿಂತ ಹರಿಯುವಾಗ ಸಂಕೇತ ಹೆಚ್ಚಿತು! ದಣಿದ ನ್ಯೂಕ್ಲಿಯಸ್‌ಗಳು ಮುಂದೆ ಸಾಗಿ, ಆ ಜಾಗಕ್ಕೆ ಹೊಸವು ಬರುತ್ತಿದ್ದವು. ಆಗ ಎಂ.ಆರ್.ಐ. ಎಂಬುದೇ ಇರಲಿಲ್ಲ. ಕಾಂತೀಯ ಅನುರಣನದ ಮೊದಲ ವರದಿಗಳು ಬಂದು ಐದೇ ವರ್ಷವಾಗಿತ್ತು.

1959ರಲ್ಲಿ ಅಮೆರಿಕದ ಜೆ. ಆರ್. ಸಿಂಗರ್ ಇಲಿಯ ಬಾಲದ ರಕ್ತದ ಹರಿವನ್ನು ಅನುರಣನದಿಂದಲೇ ಅಳೆದರು. 1973ರಲ್ಲಿ ಪಾಲ್ ಲಾಟರ್ಬರ್ ಅನುರಣನದಿಂದ ಚಿತ್ರ ಪಡೆಯುವ ದಾರಿ ತೋರಿದರು. (1975ರಲ್ಲಿ ಜ್ಯೂರಿಚ್‌ನ ರಿಚರ್ಡ್ ಅರ್ನ್ಸ್ಟ್ ಅವರೊಡನೆ ಫೂರಿಯೆ ಚಿತ್ರಣ ರೂಪಿಸಿದ ಅನಿಲ್ ಕುಮಾರ್ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು, ಅದು ಬೇರೆಯೇ ಕಥೆ.) 1980ರ ದಶಕದಲ್ಲಿ ಇವೆರಡೂ ಕೂಡಿದವು. ಮಿದುಳಿನ ತೆಳು ಪದರವೊಂದಕ್ಕೆ ಸೆಕೆಂಡಿನೊಳಗೆ ಹಲವಾರು ಬಾರಿ ತರಂಗ ಬಡಿಯಿರಿ. ಅಲ್ಲೇ ಇರುವ ಮಾಂಸಭಾಗ ದಣಿದು ಮಂಕಾಗುತ್ತದೆ. ಹೊರಗಿನಿಂದ ನುಗ್ಗುವ ರಕ್ತ ಬೆಳ್ಳಗೆ ಹೊಳೆಯುತ್ತದೆ. ನಾಳಗಳ ನಕ್ಷೆ ಸಿದ್ಧ.

ಇದರಲ್ಲೊಂದು ತೊಡಕಿದೆ. ನಿಧಾನವಾಗಿ ಹರಿಯುವ ರಕ್ತ ಪದರದೊಳಗೇ ದಣಿದು ಕಪ್ಪಾಗುತ್ತದೆ. ತೆರೆದ ನಾಳವೂ ಮುಚ್ಚಿದಂತೆ ಕಾಣಬಹುದು. ಕಿರಿದಾದೆಡೆ ಸುಳಿಯೆದ್ದರೆ ಅಡಚಣೆ ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಸಂಶಯ ಬಂದಾಗ ವೈದ್ಯರು ರಕ್ತದ ವೇಗವನ್ನೇ ಅಳೆಯುವ ಫೇಸ್ ಕಾಂಟ್ರಾಸ್ಟ್ ವಿಧಾನದಿಂದಲೋ, ಔಷಧ ಹಾಯಿಸಿಯೋ ಮತ್ತೊಮ್ಮೆ ನೋಡುತ್ತಾರೆ.