ಅಚ್ಚಿಗೆ ಹೋಗುವ ಮುನ್ನ

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ನಿವೃತ್ತರಾದ ಶಿಕ್ಷಕರು, ದಾದಿಯರು, ಉಪದೇಶಿಗಳು ತಮ್ಮ ಬಾಳಿನ ಅನುಭವವನ್ನೋ ಮನೆತನದ ಕಥೆಯನ್ನೋ ಊರಿನ ಇತಿಹಾಸವನ್ನೋ ಬರೆದಿಟ್ಟಿರುತ್ತಾರೆ. ಆ ಹಸ್ತಪ್ರತಿ ಟ್ರಂಕಿನಲ್ಲಿಯೇ ಉಳಿಯುತ್ತದೆ, ಇಲ್ಲವೆ ನೇರವಾಗಿ ಮುದ್ರಣಾಲಯಕ್ಕೆ ಹೋಗುತ್ತದೆ. ಬಿಡುಗಡೆಯ ದಿನ ಶಾಲು, ಹಾರ, ಭಾಷಣ ಎಲ್ಲವೂ ಆಗುತ್ತವೆ. ಬಂಧುಗಳು ಒಂದೊಂದು ಪ್ರತಿಯನ್ನು ಒಯ್ಯುತ್ತಾರೆ. ಉಳಿದ ಕಟ್ಟುಗಳು ಕಪಾಟು ಸೇರುತ್ತವೆ. ಪುಸ್ತಕವನ್ನು ಯಾರೂ ಕೊನೆಯವರೆಗೆ ಓದಲಿಲ್ಲವೆಂಬ ಕೊರಗು ಮಾತ್ರ ಲೇಖಕರಲ್ಲಿ ಉಳಿಯುತ್ತದೆ. ತಪ್ಪು ಓದುಗರದೇ ಎಂದು ನಾವೂ ಬಹುಕಾಲ ನಂಬಿದ್ದೆವು. ಆ ನಂಬಿಕೆ ಹೇಗೆ ಸಡಿಲಿತೆಂಬುದನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ ಒಂದು ಪುಸ್ತಕದ ಕೆಲಸಕ್ಕೆ ಕೈಹಾಕಿದೆವು. ಸವದತ್ತಿ ತಾಲೂಕಿನ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ರೇಣುಕಾಸಾಗರದ ನೀರು ನಿಂತಾಗ ಹೊಲಮನೆಗಳನ್ನು ಬಿಟ್ಟೆದ್ದ ಹಿರಿಯರ ನೆನಪುಗಳನ್ನು ಸಂಗ್ರಹಿಸುವುದು ನಮ್ಮ ಉದ್ದೇಶವಾಗಿತ್ತು. ಎರಡು ವರ್ಷ ಊರೂರು ತಿರುಗಿ, ಕೇಳಿ, ಬರೆದು 340 ಪುಟಗಳ ಹಸ್ತಪ್ರತಿಯನ್ನು ಸಿದ್ಧಪಡಿಸಿದೆವು. ಕಾಗುಣಿತದ ತಪ್ಪುಗಳು ಉಳಿಯಬಾರದೆಂಬ ಒಂದೇ ಆಸೆಯಿಂದ ಅದನ್ನು ಧಾರವಾಡದಲ್ಲಿ ಸ್ವತಂತ್ರವಾಗಿ ಸಂಪಾದನೆಯ ಕೆಲಸ ಮಾಡುವವರೊಬ್ಬರಿಗೆ ಒಪ್ಪಿಸಿದೆವು.

ಆರು ವಾರಗಳ ಮೇಲೆ ಹಸ್ತಪ್ರತಿ ಮರಳಿ ಬಂದಿತು. ಒಂದು ಒತ್ತಕ್ಷರವನ್ನೂ ಅವರು ತಿದ್ದಿರಲಿಲ್ಲ. ಬದಲಾಗಿ ಹನ್ನೊಂದು ಪುಟಗಳ ಪತ್ರವೊಂದನ್ನು ಇಟ್ಟಿದ್ದರು. ನಮ್ಮ ಮೊದಲ 96 ಪುಟಗಳಲ್ಲಿ ರಟ್ಟರ ಕಾಲದ ಸವದತ್ತಿಯಿತ್ತು. 1824ರ ಅಕ್ಟೋಬರ್ 23ರ ಕಿತ್ತೂರಿನ ಯುದ್ಧ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮ, 1939ರ ರಾಮದುರ್ಗದ ದಂಗೆ ಎಲ್ಲವೂ ಇದ್ದವು. ಇವು ಬೇರೆ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾಗಿ ದೊರೆಯುತ್ತವೆಂದೂ ನಿಮ್ಮ ಪುಸ್ತಕ ಆರಂಭವಾಗುವುದು 97ನೆಯ ಪುಟದಲ್ಲೆಂದೂ ಸಂಪಾದಕರು ಬರೆದಿದ್ದರು. ಆ ಪುಟದಲ್ಲಿ ಒಬ್ಬ ಮುದುಕಿ, ನೀರು ಬರುವ ಮೊದಲು ಮನೆಯ ತೊಲೆಗಳನ್ನೂ ಬಾಗಿಲ ಚೌಕಟ್ಟನ್ನೂ ಬಿಚ್ಚಿ ಚಕ್ಕಡಿಗೆ ಹೇರಿದ ದಿನವನ್ನು ನೆನೆದಿದ್ದರು.

ನಮಗೆ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಂದು ತಿಂಗಳು ಆ ಪತ್ರವನ್ನು ಮತ್ತೆ ತೆರೆಯಲಿಲ್ಲ. ಅನಂತರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರ ಮುಂದೆ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ನೋಡಿದೆವು. ರಟ್ಟರ ವಂಶಾವಳಿ ಮುಗಿಯುವಷ್ಟರಲ್ಲಿ ಮಕ್ಕಳು ಎದ್ದು ಹೋದರು. 97ನೆಯ ಪುಟಕ್ಕೆ ಬಂದಾಗ ಅಡುಗೆಮನೆಯಲ್ಲಿದ್ದವರೂ ಬಂದು ಹೊಸ್ತಿಲಲ್ಲಿ ಕುಳಿತರು. ಪತ್ರದ ಅರ್ಥ ನಮಗೆ ಆಗ ಹೊಳೆಯಿತು.

ಸಂಪಾದನೆ ಎಂದರೆ ತಪ್ಪು ತಿದ್ದುವುದೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕರಡು ತಿದ್ದುವವರು ಅಚ್ಚಿನ ದೋಷಗಳನ್ನು ನೋಡುತ್ತಾರೆ. ಭಾಷೆಯನ್ನು ತಿದ್ದುವವರು ವಾಕ್ಯಗಳನ್ನು ನೇರಗೊಳಿಸುತ್ತಾರೆ. ಇವೆರಡಕ್ಕೂ ಮೊದಲು ಆಗಬೇಕಾದ ಮೂರನೆಯ ಕೆಲಸವೊಂದಿದೆ. ಡೆವಲಪ್‌ಮೆಂಟಲ್ ಎಡಿಟರ್ ಎಂದು ಇಂಗ್ಲಿಷಿನಲ್ಲಿ ಕರೆಯುವ ಈ ಸಂಪಾದಕರು ಕೃತಿಯ ಒಟ್ಟು ಕಟ್ಟಡವನ್ನು ನೋಡುತ್ತಾರೆ. ಪುಸ್ತಕ ಯಾರಿಗಾಗಿ, ಅದು ಹೇಳುವುದೇನು, ಯಾವ ಅಧ್ಯಾಯ ಮುಂದೆ ಬರಬೇಕು, ಯಾವುದು ಬೇಡ, ಎಲ್ಲಿ ಇನ್ನಷ್ಟು ಕೇಳಿ ಬರೆಯಬೇಕು ಎಂದು ಪ್ರಶ್ನಿಸುತ್ತಾರೆ. ಗೋಡೆಯ ಜಾಗವೇ ತಪ್ಪಾಗಿದ್ದರೆ ಸುಣ್ಣ ಬಳಿದು ಪ್ರಯೋಜನವೇನು?

ಇದು ಹೊರನಾಡಿನಿಂದ ಬಂದ ಹೊಸ ಪದ್ಧತಿಯೆಂದು ಭಾವಿಸಬೇಕಾಗಿಲ್ಲ. ಕಿತ್ತೂರಿನಿಂದ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತಿನ ಪ್ರಯಾಣದಷ್ಟೇ ದೂರವಿರುವ ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಸುಭಾಸ ರಸ್ತೆಯ ಅದರ ಕಚೇರಿಯನ್ನು ಸಾಹಿತಿಗಳು ಪ್ರೀತಿಯಿಂದ ಅಟ್ಟವೆಂದು ಕರೆದರು. ಗದುಗಿನವರಾದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಗುಜರಾತಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ಆ ಗ್ರಂಥಮಾಲೆಗೆ ಸಾಹಿತ್ಯ ಸಲಹೆಗಾರರಾಗಿ ದುಡಿದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂದಿತು. ಇತಿಹಾಸವನ್ನು ಇಂದಿನ ಕಣ್ಣಿನಿಂದ ಗಂಭೀರವಾಗಿ ನೋಡುವ ನಾಟಕ ನಮ್ಮಲ್ಲಿಲ್ಲವೆಂಬ ಕುರ್ತಕೋಟಿಯವರ ಆಕ್ಷೇಪವೇ ತಮ್ಮನ್ನು 1964ರ ‘ತುಘಲಕ್’ ನಾಟಕದ ಕಡೆಗೆ ತಿರುಗಿಸಿತೆಂದು ಕಾರ್ನಾಡರು ಮುಂದೆ ಹೇಳಿಕೊಂಡರು. ಹೊಗಳುವವರು ಕಾರ್ನಾಡರಿಗೆ ಬೇಕಾದಷ್ಟು ಜನ ಸಿಗುತ್ತಿದ್ದರು. ಕೊರತೆಯನ್ನು ಹೇಳಬಲ್ಲ ಓದುಗರೊಬ್ಬರು ಸಿಕ್ಕಿದ್ದು ಅವರ ಭಾಗ್ಯವೆನ್ನಬೇಕು.

ಅಮೆರಿಕೆಯ ಹಾರ್ಪರ್ ಲೀ ಎಂಬ ಲೇಖಕಿಯ ಕಥೆಯೂ ಇಂಥದೇ. ಬೆಳೆದ ಹೆಣ್ಣುಮಗಳೊಬ್ಬಳು ತವರೂರಿಗೆ ಮರಳುವ ಕಾದಂಬರಿಯನ್ನು ಆಕೆ 1957ರಲ್ಲಿ ಪ್ರಕಾಶಕರಿಗೆ ಕೊಟ್ಟಿದ್ದರು. ಸಂಪಾದಕಿ ಟೇ ಹೋಹಾಫ್ ಅದರಲ್ಲಿದ್ದ ಬಾಲ್ಯದ ನೆನಪುಗಳಲ್ಲೇ ಜೀವವಿದೆಯೆಂದು ಗುರುತಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬರೆದ ಮೇಲೆ 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಪ್ರಕಟವಾಯಿತು. ಮೊದಲಿನ ಹಸ್ತಪ್ರತಿಯೂ 2015ರಲ್ಲಿ ಬೇರೊಂದು ಹೆಸರಿನಲ್ಲಿ ಅಚ್ಚಾಗಿರುವುದರಿಂದ, ಎರಡನ್ನೂ ಓದಿದವರಿಗೆ ಒಬ್ಬ ಒಳ್ಳೆಯ ಸಂಪಾದಕಿ ಏನು ಮಾಡಬಲ್ಲರೆಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಮನೆಗಳಲ್ಲಿರುವ ಪವಿತ್ರ ಗ್ರಂಥದಲ್ಲಿಯೂ ಈ ಕೆಲಸಕ್ಕೆ ಸಾಕ್ಷಿಯಿದೆ. ಮಕ್ಕಬಿಯರ ಎರಡನೆಯ ಗ್ರಂಥವನ್ನು ಬರೆದವನು, ಸಿರೇನ್ ಪಟ್ಟಣದ ಜೇಸನನ ಐದು ಸಂಪುಟಗಳನ್ನು ಒಂದಕ್ಕೆ ಇಳಿಸಿದ್ದಾಗಿ ಎರಡನೆಯ ಅಧ್ಯಾಯದಲ್ಲಿ ಹೇಳಿಕೊಳ್ಳುತ್ತಾನೆ. ಅದು ಬೆವರನ್ನೂ ನಿದ್ದೆಯನ್ನೂ ಬೇಡಿದ ದುಡಿಮೆಯೆಂದು ಒಪ್ಪಿಕೊಳ್ಳುತ್ತಾನೆ. ಜೇಸನನ ಐದು ಸಂಪುಟಗಳು ಕಳೆದುಹೋದವು. ಹೆಸರು ಹೇಳದ ಆ ಸಂಗ್ರಹಕಾರ ಓದುಗರಿಗೆ ಹೊರೆಯಾಗದಂತೆ ಇಳಿಸಿ ಕೊಟ್ಟದ್ದು ಇಂದಿಗೂ ಉಳಿದಿದೆ.

ಹಾಗೆಂದು ಸಂಪಾದಕರ ಪ್ರತಿಯೊಂದು ಮಾತೂ ಆಜ್ಞೆಯಲ್ಲ. ನಮ್ಮ ಪುಸ್ತಕದಲ್ಲಿ ಊರು ಬಿಟ್ಟ ಕುಟುಂಬಗಳ ಹೆಸರಿನ ಪಟ್ಟಿಯೊಂದಿತ್ತು. ಓದಿನ ಓಟಕ್ಕೆ ಅದು ಅಡ್ಡಿಯೆಂದು ತೆಗೆಯಲು ಅವರು ಸೂಚಿಸಿದರು. ಆ ಮನೆಗಳ ಮೊಮ್ಮಕ್ಕಳು ಮೊದಲು ಹುಡುಕುವುದೇ ಆ ಹೆಸರುಗಳನ್ನೆಂದು ನಾವು ವಾದಿಸಿದೆವು. ಕೊನೆಗೆ ಪಟ್ಟಿ ಅನುಬಂಧವಾಗಿ ಉಳಿಯಿತು. ಸೂಚಿಸುವ ಹಕ್ಕು ಸಂಪಾದಕರದು, ನಿರ್ಧರಿಸುವ ಹಕ್ಕು ಬರೆದವರದು. ಇದು ಇಬ್ಬರಿಗೂ ಮೊದಲೇ ಸ್ಪಷ್ಟವಾಗಿದ್ದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಇಂಥ ನೆರವನ್ನು ಬಯಸುವ ಓದುಗರಿಗೆ ಒಂದೆರಡು ಮಾತುಗಳನ್ನು ಹೇಳುವುದು ಉಚಿತ. ಮೊದಲು ಒಂದು ಅಧ್ಯಾಯವನ್ನಷ್ಟೇ ಕೊಟ್ಟು, ಅವರ ಅಭಿಪ್ರಾಯ ನಿಮ್ಮ ಕೃತಿಯನ್ನು ಬಲಪಡಿಸುತ್ತದೆಯೇ ಎಂದು ನೋಡಿರಿ. ಸಂಭಾವನೆ ಪುಟಕ್ಕೆ ಇಷ್ಟೋ, ಇಡೀ ಕೃತಿಗೆ ಇಷ್ಟೋ, ಎಷ್ಟು ಸಲ ಓದುತ್ತಾರೆ, ಯಾವಾಗ ಮರಳಿ ಕೊಡುತ್ತಾರೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಪರಿಚಯದವರೆಂದು ಪುಕ್ಕಟೆಯಾಗಿ ಮಾಡಿಸಿಕೊಳ್ಳುವುದು ಸಲ್ಲದು, ಅದೂ ದುಡಿಮೆಯೇ. ಸಂಪಾದನೆಗೆ ಕೊಟ್ಟ ಮಾತ್ರಕ್ಕೆ ಕೃತಿಯ ಹಕ್ಕು ಕೈತಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಸಹಿಯಿರುವ ಲಿಖಿತ ಪತ್ರ ಬೇಕು. ಹಸ್ತಪ್ರತಿಯ ಇನ್ನೊಂದು ಪ್ರತಿ ಸದಾ ಮನೆಯಲ್ಲಿರಲಿ. ಪತ್ರ ಬಂದ ದಿನವೇ ಉತ್ತರ ಬರೆಯದಿರುವುದು ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಆ ಹನ್ನೊಂದು ಪುಟಗಳ ಪತ್ರದ ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಅವುಗಳಲ್ಲಿ ಒಂದು 97ನೆಯ ಪುಟದ ಮುದುಕಿಗೆ ಸಂಬಂಧಿಸಿದ್ದು. ಬಿಚ್ಚಿ ತಂದ ಆ ಬಾಗಿಲ ಚೌಕಟ್ಟು ಹೊಸ ಊರಿನಲ್ಲಿ ಯಾವ ಮನೆಗೆ ಕೂತಿತು? ನಾವು ಅದನ್ನು ಕೇಳಿಯೇ ಇರಲಿಲ್ಲ. ಪತ್ರ ಓದಿ ಕೋಪಿಸಿಕೊಂಡ ಒಂದು ತಿಂಗಳನ್ನು ಕಳೆದು, ಮತ್ತೆ ಅವರ ಊರಿಗೆ ಹೋದಾಗ ಮನೆಯ ಮುಂದೆ ಚಪ್ಪರವಿತ್ತು. ಅವರು ತೀರಿಕೊಂಡು ಒಂಬತ್ತು ದಿನಗಳಾಗಿದ್ದವು. ಮಗನಿಗೆ ಆ ಸಂಗತಿ ಗೊತ್ತಿರಲಿಲ್ಲ. ಆಗ ಆತ ಕಂಕುಳ ಕೂಸು.

ನಮ್ಮ ಪುಸ್ತಕ ಈಗ 180 ಪುಟಗಳಲ್ಲಿ ಅಚ್ಚಾಗಿದೆ. ಓದಿದವರು ಕೆಲವರು ತಮ್ಮ ಮನೆಯ ಕಥೆಯನ್ನು ಹೇಳಲು ತಾವಾಗಿಯೇ ಬಂದಿದ್ದಾರೆ. ಆದರೆ ಆ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆದ್ದರಿಂದ ಟ್ರಂಕಿನಲ್ಲಿ ಹಸ್ತಪ್ರತಿ ಇಟ್ಟುಕೊಂಡ ನಮ್ಮ ಬಂಧುಗಳಲ್ಲಿ ಇಷ್ಟೇ ವಿನಂತಿ: ಪೂರ್ತಿಯಾಗಲೆಂದು ಕಾಯದೆ, ಅರ್ಧ ಬರೆದಿರುವಾಗಲೇ ಒಬ್ಬ ನಿಷ್ಠುರ ಓದುಗರ ಕೈಗೆ ಅದನ್ನು ಕೊಡಿರಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಇನ್ನೂ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿರುವಾಗಲೇ ಆ ಕೆಲಸ ಆಗಬೇಕು.