ಪ್ರಶಸ್ತಿ ಕೊಡಿ, ಆದರೆ ಯಾವುದನ್ನು ನೋಡಿ?

ಸರ್ಕಾರಿ ಇಲಾಖೆಯೊಂದು ಹೊಸ ಆ್ಯಪ್ ಬಿಡುಗಡೆ ಮಾಡುತ್ತೆ. ಸ್ವಲ್ಪ ದಿನಕ್ಕೆ ಅದಕ್ಕೊಂದು ಪ್ರಶಸ್ತಿ. ವೇದಿಕೆ, ಹಾರ, ಫೋಟೋ. ಪ್ರಶಸ್ತಿ ಕೊಡೋದು ತಪ್ಪಲ್ಲ ವೀಕ್ಷಕರೇ. ಒಳ್ಳೆ ಕೆಲಸ ಮಾಡಿದ ಅಧಿಕಾರಿಯ ಬೆನ್ನು ತಟ್ಟಲೇಬೇಕು. ಆದರೆ ಏನನ್ನು ನೋಡಿ ತಟ್ಟಬೇಕು? ಇದಕ್ಕೆ ನಮ್ಮ ರಾಜ್ಯದಲ್ಲೇ ಪಾಠ ಇದೆ. ಅದರ ಹೆಸರು ‘ಭೂಮಿ’.

ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಒಬ್ಬ ತೊಗರಿ ಬೆಳೆಗಾರ ಇದ್ದಾನೆ ಅಂದುಕೊಳ್ಳಿ. ಬಿತ್ತನೆಗೆ ಸಾಲ ಬೇಕು. ಬ್ಯಾಂಕು ಪಹಣಿ ಕೇಳುತ್ತೆ. ಇಪ್ಪತ್ತೈದು ವರ್ಷದ ಹಿಂದೆ ಆ ಪಹಣಿ ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000. ಅವರು ಊರಲ್ಲಿ ಸಿಗಬೇಕು, ಸಿಕ್ಕರೂ ಬರೆದುಕೊಡೋ ಮನಸ್ಸು ಮಾಡಬೇಕು. ಅಷ್ಟರ ತನಕ ಮೃಗಶಿರಾ ಮಳೆ ಕಾಯುತ್ತಾ?

ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗೋಕೆ ಶುರುವಾಯ್ತು. ಎಲ್ಲರೂ ಕಂಪ್ಯೂಟರನ್ನು ಹೊಗಳಿದರು. ನಿಜವಾದ ಜಾಣತನ ಇದ್ದದ್ದು ಎರಡು ನಿಯಮಗಳಲ್ಲಿ.

ಒಂದು, ಕೌಂಟರ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ. ಹಳೇ ಬಾಗಿಲು ಬಂದ್. ಎರಡು, ಜಮೀನು ಮಾರಿದಾಗ, ಪಾಲಾದಾಗ ಹೆಸರು ಬದಲಿಸೋ ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ಇಂಜಿನಿಯರಿಂಗ್ ಪಾಠದಲ್ಲಿ ಇದನ್ನ ಫಿಫೋ ಅಂತೀವಿ. ಮೊದಲು ಬಂದಿದ್ದು ಮೊದಲು ಹೋಗಬೇಕು. ಬೇಕಾದವರ ಫೈಲು ಮೇಲೆ, ಬಡವನ ಫೈಲು ಕೆಳಗೆ ಅನ್ನೋ ಆಟಕ್ಕೆ ಕಡಿವಾಣ ಬಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಹೀಗಾಗಿ ಯಾರು ಏನು ತಿದ್ದಿದರು ಅನ್ನೋದಕ್ಕೆ ಗುರುತು ಉಳಿಯಿತು. 2002ರಲ್ಲಿ ಕಾಮನ್‌ವೆಲ್ತ್ ದೇಶಗಳ ಆಡಳಿತ ಸಂಸ್ಥೆ ಕ್ಯಾಪಾಮ್ ಭೂಮಿಗೆ ಬೆಳ್ಳಿ ಪ್ರಶಸ್ತಿ ಕೊಟ್ಟಿತು.

ಹತ್ತು ವರ್ಷದ ನಂತರ, 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಬಂತು. ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಸೇವೆಗೂ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು ನಿಜ. ಆದರೆ ತಡ ಮಾಡಿದರೂ ಲೆಕ್ಕ ಕೊಡಬೇಕು ಅನ್ನೋ ಮಾತು ಕಾನೂನಾಯ್ತು.

ಹಾಗಾದ್ರೆ ಎಲ್ಲ ಸರಿಹೋಯ್ತಾ? ಇಲ್ಲ. ಹಳೇ ದಾಖಲೆಯಲ್ಲಿ ತಪ್ಪಿದ್ದರೆ ಕಂಪ್ಯೂಟರ್ ಅದೇ ತಪ್ಪನ್ನು ಅಂದವಾಗಿ ಪ್ರಿಂಟ್ ಮಾಡುತ್ತೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾದರೂ ಹೊಲ ಅವರ ಹೆಸರಲ್ಲೇ ಉಳಿದಿರುತ್ತೆ. ಒಂದು ಅಕ್ಷರ ತಪ್ಪಿದ್ದರೂ ಅದು ಆಧಾರ್ ಜೊತೆ ಹೊಂದೋದಿಲ್ಲ. ಪಹಣಿ ನಿಮಿಷದಲ್ಲಿ ಬರುತ್ತೆ, ತಿದ್ದುಪಡಿಗೆ ಮತ್ತೆ ಕಚೇರಿ ಅಲೆಯಬೇಕು.

ಹಾಗಾಗಿ ಪ್ರಶಸ್ತಿ ಕೊಡುವವರು ಮೂರೇ ಪ್ರಶ್ನೆ ಕೇಳಲಿ. ಲಂಚದ ಹಳೇ ಬಾಗಿಲು ಮುಚ್ಚಿದ್ದೀರಾ? ಸರದಿ ಮುರಿಯೋಕೆ ಆಗದಂತೆ ಮಾಡಿದ್ದೀರಾ? ತಪ್ಪಾದರೆ ತಿದ್ದೋಕೆ ಎಷ್ಟು ದಿನ? ಉತ್ತರವನ್ನು ಇಲಾಖೆ ಬರೆದುಕೊಡೋದು ಬೇಡ. ಕೌಂಟರ್ ಮುಂದೆ ಚೀಟಿ ಹಿಡಿದು ನಿಂತ ರೈತನನ್ನೇ ಕೇಳಿ.